ಸಮಾಜಶಾಸ್ತ್ರದ ನಾಲ್ಕನೆಯ ವರ್ಷ ಮತ್ತು ಮುಂಬಯಿಯ ಕನ್ನಡ ಮನೆಗಳು

ಪ್ರತಿ ವರ್ಷವೂ ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಫಲಿತಾಂಶಗಳು ಪ್ರಕಟಗೊಂಡ ಬೆನ್ನಿಗೇ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಮಾರಂಭಗಳು ಸಾಲುಸಾಲಾಗಿ ಜರಗುತ್ತವೆ. ವೇದಿಕೆಯ ಮೇಲೆ ಗಣ್ಯರು, ಶಾಲು, ಸ್ಮರಣಿಕೆ, ಪುಷ್ಪಗುಚ್ಛ. ಸಭೆಯಲ್ಲಿ ಹೆತ್ತವರ ಸಂತೃಪ್ತ ಮುಖಗಳು. ಇವುಗಳ ವರದಿಗಳನ್ನು ಈ ಪುಟಗಳಲ್ಲಿ ನಾವು ವರ್ಷಂಪ್ರತಿ ಪ್ರಕಟಿಸುತ್ತ ಬಂದಿದ್ದೇವೆ. ಆದರೆ ವಿದ್ಯಾರ್ಥಿವೇತನದ ಅರ್ಜಿ ನಮೂನೆಯನ್ನು ಗಮನವಿಟ್ಟು ಓದುವ ಗೋಜಿಗೆ ನಾವು ಹೋಗಿರಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ. ವೈದ್ಯಕೀಯ, ಇಂಜಿನಿಯರಿಂಗ್, ಚಾರ್ಟರ್ಡ್ ಅಕೌಂಟೆನ್ಸಿ, ಎಂ.ಬಿ.ಎ., ಕಾನೂನು ಎಂದು ಒಂದೊಂದಕ್ಕೂ ಒಂದೊಂದು ಚೌಕ. ಎಲ್ಲಕ್ಕಿಂತ ಕೆಳಗೆ 'ಇತರೆ' ಎಂಬ ಒಂದು ಚಿಕ್ಕ ಚೌಕ. ಕಲಾ ವಿಭಾಗದಲ್ಲಿ ಓದುವ ಮಗುವಿಗೆ ನಮ್ಮ ಲೆಕ್ಕದಲ್ಲಿ ದೊರೆತಿರುವ ಜಾಗ ಅಷ್ಟೇ.

ಈ ಸಂಗತಿಯನ್ನು ನಮ್ಮ ಗಮನಕ್ಕೆ ತಂದವಳು ಉಪನಗರವೊಂದರಲ್ಲಿ ಎರಡನೆಯ ವರ್ಷದ ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ. ಅವಳ ಜೊತೆ ಬಂದಿದ್ದ ತಂದೆ ಆ ಅರ್ಜಿಯನ್ನು ಮೇಜಿನ ಮೇಲಿಟ್ಟು, "ಸಮಾಜಶಾಸ್ತ್ರದಲ್ಲಿ ನಾಲ್ಕನೆಯ ವರ್ಷ ಆನರ್ಸ್ ಮಾಡ್ತಾಳಂತೆ, ಆಮೇಲೆ ಎಂ.ಎ. ಅಂತೆ. ನೀವಾದರೂ ಇವಳಿಗೆ ನಾಲ್ಕು ಮಾತು ಹೇಳಿ ಮಾರಾಯ್ರೆ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಆತಂಕವೇ ಹೆಚ್ಚಾಗಿತ್ತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಇಬ್ಬರು ಮಕ್ಕಳನ್ನು ಓದಿಸಿದವರು ಅವರು. ನಾವು ಅಂದು ಹೇಳಿದ್ದು ನಾಲ್ಕು ಮಾತು ಸಹ ಅಲ್ಲ, ವಿಚಾರಿಸಿ ತಿಳಿಸುತ್ತೇವೆ ಎಂಬ ಒಂದೇ ಮಾತು. ಹಾಗೆ ವಿಚಾರಿಸಿದ ಫಲವೇ ಪ್ರಸ್ತುತ ಲೇಖನ. ಇಂಥದೇ ಪ್ರಶ್ನೆ ಪುಣೆ, ದಿಲ್ಲಿ, ಹೈದರಾಬಾದು, ಚೆನ್ನೈಗಳಲ್ಲಿ ನೆಲೆಸಿದ ನಮ್ಮ ಓದುಗರ ಮನೆಗಳಲ್ಲೂ ಎದ್ದಿರಬಹುದೆಂದು ಭಾವಿಸಿದ್ದೇವೆ.

ಮೊದಲಿಗೆ 'ಆನರ್ಸ್' ಎಂಬ ಶಬ್ದ. ಮುಂಬಯಿಯಲ್ಲಿ ಓದಿದ ನಮ್ಮ ತಲೆಮಾರಿನವರಿಗೆ ಇದು ಅಷ್ಟಾಗಿ ಪರಿಚಿತವಲ್ಲ. ಇಲ್ಲಿ ಮೂರನೆಯ ವರ್ಷದ ಬಿ.ಎ.ಯಲ್ಲಿ ಆರೂ ಪತ್ರಿಕೆಗಳನ್ನು ಒಂದೇ ವಿಷಯದಲ್ಲಿ ಓದುವವರಿದ್ದರು, ಮೂರು-ಮೂರರಂತೆ ಎರಡು ವಿಷಯಗಳಲ್ಲಿ ಓದುವವರಿದ್ದರು. ಆನರ್ಸ್ ಎಂಬುದು ದಿಲ್ಲಿ, ಕಲಕತ್ತೆಯ ಮಾತಾಗಿತ್ತು. ಹಳೆಯ ಮೈಸೂರಿನಲ್ಲಿಯೂ ಅದು ಇತ್ತು, ಆ ಕಥೆ ಮುಂದೆ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಈ ಶಬ್ದಕ್ಕೆ ಬೇರೆಯೇ ಅರ್ಥ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷ ಓದಿ 120 ಕ್ರೆಡಿಟ್ ಗಳಿಸಿದವರಿಗೆ ಸಾಮಾನ್ಯ ಪದವಿ, ನಾಲ್ಕು ವರ್ಷ ಓದಿ 160 ಕ್ರೆಡಿಟ್ ಗಳಿಸಿದವರಿಗೆ ಆನರ್ಸ್ ಪದವಿ. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 'ಸಂಶೋಧನೆ ಸಹಿತ ಆನರ್ಸ್' ಎಂಬ ದಾರಿಯನ್ನು ಆರಿಸಿಕೊಂಡು 12 ಕ್ರೆಡಿಟ್‌ಗಳ ಒಂದು ಪ್ರಬಂಧವನ್ನು ಸ್ವತಃ ಸಿದ್ಧಪಡಿಸಬಹುದು. ಅಂದರೆ ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿನಲ್ಲಿಯೇ ಒಂದು ವಿಷಯವನ್ನು ಹಿಡಿದು, ಜನರ ನಡುವೆ ಓಡಾಡಿ, ಕೇಳಿ, ಬರೆದುಕೊಂಡು, ತನ್ನದೇ ಆದ ಒಂದು ಮಾತನ್ನು ಹೇಳುವ ಅವಕಾಶ.

ಮುಂದಿನ ಲೆಕ್ಕ ಹೀಗಿದೆ. ಮೂರು ವರ್ಷದ ಪದವೀಧರರಿಗೆ ಎಂ.ಎ. ಎರಡು ವರ್ಷ, ನಾಲ್ಕು ವರ್ಷ ಮುಗಿಸಿದವರಿಗೆ ಒಂದೇ ವರ್ಷದ ಎಂ.ಎ.ಗೆ ಅವಕಾಶವಿದೆ. ಮೂರಕ್ಕೆ ಎರಡು ಸೇರಿದರೂ ಐದು, ನಾಲ್ಕಕ್ಕೆ ಒಂದು ಸೇರಿದರೂ ಐದು. ಆದುದರಿಂದ "ಒಂದು ವರ್ಷ ವ್ಯರ್ಥ" ಎಂಬ ಆಕ್ಷೇಪಕ್ಕೆ, ಎಂ.ಎ. ಮಾಡಲೇಬೇಕೆಂದು ನಿರ್ಧರಿಸಿದವರ ಮಟ್ಟಿಗೆ, ಆಧಾರವಿಲ್ಲ. ಎಂ.ಫಿಲ್. ಪದವಿಯನ್ನು ಆಯೋಗವು 2022ರ ನವೆಂಬರಿನ ನಿಯಮಾವಳಿಯಲ್ಲಿ ನಿಲ್ಲಿಸಿದೆ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಅಂಕ ಪಡೆದವರು ಎಂ.ಎ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರೆಂದು ಅದೇ ನಿಯಮಾವಳಿ ಹೇಳುತ್ತದೆ. ಈ ಕೊನೆಯ ಸೌಲಭ್ಯವನ್ನು ಬಳಸಿಕೊಳ್ಳುವ ಆತುರ ಬೇಡವೆಂಬುದು ನಮ್ಮ ಅಭಿಪ್ರಾಯ. ಸಮಾಜಶಾಸ್ತ್ರವು ನಿಧಾನವಾಗಿ ಪಕ್ವವಾಗುವ ವಿದ್ಯೆ. ಡರ್ಕ್‌ಹೈಮ್, ವೇಬರ್, ಮಾರ್ಕ್ಸ್ ಇವರನ್ನು ಒಮ್ಮೆ ಪರೀಕ್ಷೆಗಾಗಿ ಓದುವುದು, ಮತ್ತೊಮ್ಮೆ ಎಂ.ಎ.ಯಲ್ಲಿ ಅರ್ಥಕ್ಕಾಗಿ ಓದುವುದು ಬೇರೆ ಬೇರೆ ಅನುಭವಗಳು.

ನೀತಿ ಒಂದೇ ಆದರೂ ಊರಿಂದೂರಿಗೆ ಅದರ ಗತಿ ಬೇರೆ. ದಿಲ್ಲಿ ವಿಶ್ವವಿದ್ಯಾನಿಲಯವು ನಾಲ್ಕು ವರ್ಷದ ಪದವಿಯನ್ನು 2013ರಲ್ಲಿ ತಂದು 2014ರಲ್ಲಿ ಕೈಬಿಟ್ಟಿತ್ತು. 2022ರಲ್ಲಿ ಮತ್ತೆ ತಂದಿತು, 2025-26ರಲ್ಲಿ ಅಲ್ಲಿ ನಾಲ್ಕನೆಯ ವರ್ಷದ ತರಗತಿಗಳು ಮೊದಲ್ಗೊಂಡವು. ಮಹಾರಾಷ್ಟ್ರದಲ್ಲಿ ಸ್ವಾಯತ್ತ ಕಾಲೇಜುಗಳು 2023-24ರಿಂದಲೂ ಉಳಿದ ಸಂಯೋಜಿತ ಕಾಲೇಜುಗಳು 2024-25ರಿಂದಲೂ ಹೊಸ ಪದ್ಧತಿಯನ್ನು ಜಾರಿಗೆ ತಂದವು. ಕರ್ನಾಟಕದ್ದು ವಿಚಿತ್ರ ಪ್ರಸಂಗ. 2021-22ರಲ್ಲಿ ಇಡೀ ದೇಶಕ್ಕಿಂತ ಮುಂಚೆ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಆರಂಭಿಸಿದ ರಾಜ್ಯವದು. ಸರಕಾರ ಬದಲಾಯಿತು, 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿಯೇ ಪುನಃ ಬಂದಿತು. ಅದಾಗಲೇ ಸೇರಿದ್ದ ಮೂರು ತಂಡಗಳ ವಿದ್ಯಾರ್ಥಿಗಳಿಗೆ ಮಾತ್ರ ನಾಲ್ಕನೆಯ ವರ್ಷದ ಆಯ್ಕೆ ಉಳಿಯಿತು. ಊರಿನಲ್ಲಿ ಓದುವ ಅಣ್ಣನ ಮಗಳಿಗೆ ಒಂದು ಬಗೆ, ಮುಂಬಯಿಯಲ್ಲಿ ಓದುವ ತಮ್ಮನ ಮಗಳಿಗೆ ಇನ್ನೊಂದು ಬಗೆ ಎಂಬ ಸ್ಥಿತಿ ನಮ್ಮ ಕುಟುಂಬಗಳಲ್ಲಿ ಉಂಟಾಗಿರುವುದು ಹೀಗೆ.

ಕರ್ನಾಟಕದ ಹಿಂದೆಗೆತವನ್ನು ಕೇವಲ ರಾಜಕೀಯವೆಂದು ತಳ್ಳಿಹಾಕುವುದು ಸುಲಭ. ಆದರೆ ನಾಲ್ಕನೆಯ ವರ್ಷವೆಂದರೆ ಬಡ ಕುಟುಂಬಕ್ಕೆ ಇನ್ನೊಂದು ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು, ದುಡಿಯುವ ಕೈಯೊಂದರ ಗೈರು. ಅದಕ್ಕಿಂತ ಮಿಗಿಲಾಗಿ, ಕಲಿಸುವವರು ಯಾರು? ಸಂಶೋಧನೆ ಸಹಿತ ಆನರ್ಸ್ ನಡೆಸುವ ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶಕರೆಂದು ಮಾನ್ಯತೆ ಪಡೆದ ಇಬ್ಬರಾದರೂ ಖಾಯಂ ಅಧ್ಯಾಪಕರು ಇರಬೇಕೆಂದು ಅನುದಾನ ಆಯೋಗವೇ ಹೇಳಿದೆ. ಇದು ಬಹಳ ಒಳ್ಳೆಯ ನಿಯಮ. ಕಲಾ ವಿಭಾಗದಲ್ಲಿ ವರ್ಷಾನುಗಟ್ಟಲೆ ಹುದ್ದೆಗಳು ಖಾಲಿ ಬಿದ್ದು, ತಾಸಿನ ಲೆಕ್ಕದಲ್ಲಿ ಸಂಬಳ ಪಡೆಯುವ ಉಪನ್ಯಾಸಕರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಲೋಕಲ್ ರೈಲು ಹತ್ತಿ ಓಡುವ ನಗರದಲ್ಲಿ ಈ ನಿಯಮವನ್ನು ಪೂರೈಸಬಲ್ಲ ವಿಭಾಗಗಳೆಷ್ಟು ಎಂಬುದನ್ನು ಪ್ರತಿಯೊಬ್ಬ ತಂದೆತಾಯಿಯೂ ಕೇಳಿ ತಿಳಿಯತಕ್ಕದ್ದು. ಕಾಲೇಜಿನ ಹೆಸರು, ಅದರ ಕಟ್ಟಡದ ಕಮಾನು, ವಾರ್ಷಿಕೋತ್ಸವಕ್ಕೆ ಬರುವ ನಟನಟಿಯರು ಇವು ಯಾವುವೂ ಪ್ರಬಂಧ ತಿದ್ದಿಕೊಡುವುದಿಲ್ಲ. ಮಾರ್ಗದರ್ಶಕರಿಲ್ಲದ ಕಡೆ ನಾಲ್ಕನೆಯ ವರ್ಷ ಮಾಡುವುದಕ್ಕಿಂತ ಮೂರಕ್ಕೆ ಮುಗಿಸಿ, ಒಳ್ಳೆಯ ವಿಭಾಗದಲ್ಲಿ ಎರಡು ವರ್ಷದ ಎಂ.ಎ. ಸೇರುವುದು ಎಷ್ಟೋ ಮೇಲು. ಆ ತಂದೆಗೆ ನಾವು ಹೇಳಿದ ಮೊದಲ ಮಾತು ಇದು. "ಹಾಗಾದರೆ ಈ ಕಾಲೇಜಿನಲ್ಲಿ ಎಷ್ಟು ಮಂದಿ ಇದ್ದಾರೆ?" ಎಂದು ಅವರು ಮಗಳ ಕಡೆ ತಿರುಗಿ ಕೇಳಿದರು. ಆಕೆ ಲೆಕ್ಕ ಹಾಕಿ ಒಬ್ಬರು ಎಂದಳು.

ಎರಡನೆಯ ಮಾತು ಉದ್ಯೋಗದ್ದು. ಇಲ್ಲಿ ಸುಳ್ಳು ಭರವಸೆ ನೀಡುವುದು ಅನ್ಯಾಯವಾದೀತು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನಡೆಯುವಂತೆ ಕ್ಯಾಂಪಸ್ಸಿಗೇ ಬಂದು ಸಮಾಜಶಾಸ್ತ್ರದವರನ್ನು ಸಾಲಾಗಿ ಕರೆದೊಯ್ಯುವ ಕಂಪೆನಿಗಳು ಇಲ್ಲ. ಅಧ್ಯಾಪನ ವೃತ್ತಿಗೆ ಎಂ.ಎ. ಜೊತೆಗೆ ನೆಟ್ ಅಥವಾ ರಾಜ್ಯದ ಸೆಟ್ ಪರೀಕ್ಷೆ ಇಲ್ಲವೇ ಪಿಎಚ್.ಡಿ. ಬೇಕು. ಅವೆಲ್ಲ ಮುಗಿದ ಮೇಲೆಯೂ ಖಾಯಂ ಹುದ್ದೆಗಾಗಿ ಕಾಯುವ ದೀರ್ಘ ಸಾಲು ಇದೆ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಎಂದು ನಿಗದಿಯಾಗಿದೆ. ಅದು ಗೌರವದ ಮೊತ್ತವೇ, ಆದರೆ ಆಯ್ಕೆಯಾಗುವವರು ಕೆಲವರು. ಆ ಪರೀಕ್ಷೆಯ ವಿಶ್ವಾಸಾರ್ಹತೆಗೂ ಪೆಟ್ಟು ಬಿದ್ದದ್ದುಂಟು. 2024ರ ಜೂನ್ 18ರಂದು ಲಕ್ಷಾಂತರ ಮಂದಿ ಬರೆದ ಪರೀಕ್ಷೆ ಮರುದಿನವೇ ರದ್ದಾಗಿ, ಮತ್ತೆ ಬರೆಯುವ ಪಾಡು ಬಂದುದನ್ನು ಓದುಗರು ಮರೆತಿರಲಾರರು.

ಹಾಗೆಂದು ದಾರಿಗಳೇ ಇಲ್ಲವೆಂದಲ್ಲ. ಆರೋಗ್ಯ, ವಸತಿ, ಶಿಕ್ಷಣ, ಸ್ತ್ರೀಕಲ್ಯಾಣ ಮುಂತಾದ ಕ್ಷೇತ್ರಗಳ ಸ್ವಯಂಸೇವಾ ಸಂಸ್ಥೆಗಳು, 2013ರ ಕಂಪೆನಿ ಕಾಯಿದೆಯ ಅನ್ವಯ ಲಾಭದ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ತೊಡಗಿಸಬೇಕಾದ ದೊಡ್ಡ ಕಂಪೆನಿಗಳು, ಸಮೀಕ್ಷೆ ನಡೆಸುವ ಸಂಸ್ಥೆಗಳು, ಮಾರುಕಟ್ಟೆ ಅಧ್ಯಯನದವರು, ಪತ್ರಿಕೆಗಳು, ಇವರಿಗೆಲ್ಲ ಜನರ ಬಳಿ ಹೋಗಿ ಸರಿಯಾಗಿ ಪ್ರಶ್ನೆ ಕೇಳಿ, ಉತ್ತರವನ್ನು ಕ್ರಮವಾಗಿ ಬರೆಯಬಲ್ಲವರು ಬೇಕು. ಆರಂಭದ ಸಂಬಳ ಕಡಿಮೆ, ಏರಿಕೆ ನಿಧಾನ. ಆಡಳಿತ ಸೇವೆಯ ಪರೀಕ್ಷೆಗೆ ಸಮಾಜಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರು ಬಹಳ ಮಂದಿ. ಇಂಜಿನಿಯರಿಂಗ್ ಮುಗಿಸಿದ ನಮ್ಮ ಹುಡುಗರೂ ಕೊನೆಗೆ ಇದೇ ಪುಸ್ತಕಗಳನ್ನು ತರಬೇತಿ ಕೇಂದ್ರಗಳಲ್ಲಿ ಹಣ ಕೊಟ್ಟು ಓದುತ್ತಾರೆಂಬುದು ತಮಾಷೆಯ ಸಂಗತಿ.

ಆ ಪರೀಕ್ಷೆಯ ಪಠ್ಯಕ್ರಮದಲ್ಲಿ ಭಾರತೀಯ ಸಮಾಜದ ಅಧ್ಯಯನದ ದೃಷ್ಟಿಕೋನಗಳೆಂಬ ಭಾಗವಿದೆ. ಅಲ್ಲಿ ಮೂವರ ಹೆಸರುಗಳು ನಮೂದಾಗಿವೆ: ಜಿ.ಎಸ್. ಘುರ್ಯೆ, ಎಂ.ಎನ್. ಶ್ರೀನಿವಾಸ್, ಎ.ಆರ್. ದೇಸಾಯಿ. ದೇಶದ ಮೂಲೆಮೂಲೆಗಳಿಂದ ಬಂದ ಪರೀಕ್ಷಾರ್ಥಿಗಳು ಬಾಯಿಪಾಠ ಮಾಡುವ ಈ ಮೂವರೂ ಮುಂಬಯಿ ವಿಶ್ವವಿದ್ಯಾನಿಲಯದವರು. ಘುರ್ಯೆ ಗುರುಗಳು, ಉಳಿದಿಬ್ಬರು ಅವರ ಶಿಷ್ಯರು. 1919ರಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಅವರಿಂದ ಆರಂಭಗೊಂಡ ಇಲ್ಲಿನ ಸಮಾಜಶಾಸ್ತ್ರ ವಿಭಾಗಕ್ಕೆ ನೂರು ವರ್ಷ ತುಂಬಿ ಆಗಿದೆ. 1924ರಿಂದ ಅದನ್ನು ನಡೆಸಿದವರು ಘುರ್ಯೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಈ ವಿದ್ಯೆಯನ್ನು ಬೆಳೆಸಿದ ಇರಾವತಿ ಕರ್ವೆಯವರೂ ಅವರ ಕೈಕೆಳಗೆ ಎಂ.ಎ. ಮಾಡಿದವರೇ.

ಶ್ರೀನಿವಾಸರ ಕಥೆ ನಮಗೆ ಇನ್ನೂ ಹತ್ತಿರದ್ದು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಸಾಮಾಜಿಕ ತತ್ವಶಾಸ್ತ್ರವೆಂಬ ವಿಷಯದಲ್ಲಿ ಆನರ್ಸ್ ಮಾಡಿದರು. ಆ ಕಾಲೇಜಿನಲ್ಲಿ ಆಗ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎ.ಆರ್. ವಾಡಿಯಾ ಎಂಬ ಪಾರಸಿ ವಿದ್ವಾಂಸರು. ಅವರು ಮುಂದೆ ನಮ್ಮ ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆನರ್ಸ್ ಮುಗಿಸಿದ ಶ್ರೀನಿವಾಸ್ 1936ರಲ್ಲಿ ಮುಂಬಯಿಗೆ ಬಂದರು. ಇಲ್ಲಿ ಎಂ.ಎ. ಪದವಿಗಾಗಿ ಬರೆದ ಪ್ರಬಂಧ ಯಾವುದರ ಮೇಲೆ? ಮೈಸೂರಿನ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬದ ಮೇಲೆ. 1942ರಲ್ಲಿ ಅದು ಪುಸ್ತಕವಾಗಿ ಹೊರಬಂದದ್ದು ಇದೇ ಊರಿನಲ್ಲಿ. 1944ರಲ್ಲಿ ಕೊಡವರ ಕುರಿತ ಪ್ರಬಂಧಕ್ಕೆ ಇಲ್ಲಿಯೇ ಪಿಎಚ್.ಡಿ. ಪಡೆದು, ಆಕ್ಸ್‌ಫರ್ಡಿಗೆ ಹೋಗಿ, ಅದೇ ವಿಷಯವನ್ನು ಹೊಸ ದೃಷ್ಟಿಯಿಂದ ಬರೆದರು. 1952ರಲ್ಲಿ ಪ್ರಕಟವಾದ ಆ ಗ್ರಂಥದಿಂದ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ಜಗತ್ತಿನ ವಿದ್ವತ್ ವಲಯಕ್ಕೆ ತಿಳಿಯಿತು. ಚುನಾವಣೆ ಬಂದಾಗಲೆಲ್ಲ ಟಿ.ವಿ.ಯಲ್ಲಿ ಕಿವಿಗಡಚಿಕ್ಕುವ 'ವೋಟ್ ಬ್ಯಾಂಕ್' ಎಂಬ ಮಾತನ್ನು ಬಳಕೆಗೆ ತಂದ ಶ್ರೇಯಸ್ಸೂ 1955ರ ಅವರ ಬರಹಕ್ಕೆ ಸಲ್ಲುತ್ತದೆ. 1959ರಲ್ಲಿ ದಿಲ್ಲಿಯಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದವರೂ ಅವರೇ. ಇಂದು ನಮ್ಮ ದಿಲ್ಲಿಯ ಕನ್ನಡ ಮಕ್ಕಳು ಕೇಂದ್ರೀಯ ಪ್ರವೇಶ ಪರೀಕ್ಷೆ ಬರೆದು ಸೇರಲು ಹವಣಿಸುವ ವಿಭಾಗ ಅದು.

ಮೈಸೂರು ಬಳಿಯ ಹಳ್ಳಿಯೊಂದರಲ್ಲಿ 1948ರಲ್ಲಿ ಅವರು ತಂಗಿದ್ದು ಕ್ಷೇತ್ರಕಾರ್ಯ ನಡೆಸಿದರು. ಹದಿನೆಂಟು ವರ್ಷಗಳಲ್ಲಿ ಅಚ್ಚುಕಟ್ಟು ಮಾಡಿದ್ದ ಆ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಆಹುತಿಯಾದವು. ಬಹುಮಟ್ಟಿಗೆ ನೆನಪನ್ನೇ ನೆಚ್ಚಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂದಿತು. ಈ ವೃತ್ತಾಂತವನ್ನು ಹುಡುಗಿಯ ತಂದೆಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಅಷ್ಟು ಓದಿದವರು ಹಳ್ಳಿಗೆ ಹೋಗಿ ಕೂತರಲ್ಲ" ಎಂದರು. ಮೆಚ್ಚುಗೆಯೋ ಕನಿಕರವೋ ನಮಗೆ ತಿಳಿಯಲಿಲ್ಲ.

ಆದರೆ ಉದ್ಯೋಗದ ಚಿಂತೆಯೊಂದೇ ನಮ್ಮ ಮನೆಗಳನ್ನು ಈ ವಿಷಯದಿಂದ ದೂರವಿಟ್ಟಿದೆಯೆ? ನಮಗೆ ಹಾಗೆನಿಸುವುದಿಲ್ಲ. ಇತಿಹಾಸ, ಅರ್ಥಶಾಸ್ತ್ರ ಓದುವ ಮಗು ಮನೆಗೆ ಬಂದು ಬೇರೆಯವರ ವಿಷಯ ಮಾತನಾಡುತ್ತದೆ. ಸಮಾಜಶಾಸ್ತ್ರ ಓದುವ ಮಗು ಊಟದ ತಟ್ಟೆಯ ಮುಂದೆ ಕುಳಿತು ನಮ್ಮ ವಿಷಯ ಕೇಳುತ್ತದೆ. ಅಂಬೇಡ್ಕರರು 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮಂಡಿಸಿದ ಜಾತಿ ಕುರಿತ ಪ್ರಬಂಧದಲ್ಲಿ ಜಾತಿಯ ಜೀವಾಳ ಇರುವುದು ತನ್ನೊಳಗೇ ಮದುವೆ ಮಾಡಿಕೊಳ್ಳುವ ಕಟ್ಟಿನಲ್ಲಿ ಎಂದು ವಾದಿಸಿದರು. ಅದನ್ನು ತರಗತಿಯಲ್ಲಿ ಓದಿ ಬಂದ ಮಗು, ಮುಂದಿನ ಭಾನುವಾರ ಸಮಾಜದ ಸಭಾಭವನದಲ್ಲಿ ನಡೆಯಲಿರುವ ವಧೂವರರ ಸಮಾವೇಶದ ಕರಪತ್ರವನ್ನು ಮನೆಯ ಮೇಜಿನ ಮೇಲೆ ಕಾಣುತ್ತದೆ. ಆಗ ಏಳುವ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ. ಆ ಸಮಾವೇಶಗಳ ಜಾಹೀರಾತು ಈ ಪುಟಗಳಲ್ಲಿಯೂ ಬರುತ್ತದೆಂಬುದನ್ನು ಮರೆಮಾಚುವ ಇಚ್ಛೆ ನಮಗಿಲ್ಲ. ಪರವೂರಿನಲ್ಲಿ ಒಬ್ಬರಿಗೊಬ್ಬರು ಆಸರೆಯಾದದ್ದು ಜಾತಿಯ ಸಂಘಗಳಿಂದಲೇ, ಕೋಣೆ ಹುಡುಕಿಕೊಟ್ಟದ್ದು, ಕೆಲಸ ಕೊಡಿಸಿದ್ದು, ಹೆಣ ಊರಿಗೆ ಸಾಗಿಸಿದ್ದು ಅವೇ, ಎಂದು ಹಿರಿಯರು ಹೇಳುತ್ತಾರೆ. ಅದು ನಿಜ. ಹುಡುಗಿ ಕೇಳಿದ ಪ್ರಶ್ನೆಯೂ ನಿಜ. ಇವೆರಡನ್ನೂ ಒಟ್ಟಿಗೆ ಹಿಡಿದು ನೋಡುವುದನ್ನೇ ಆ ಶಾಸ್ತ್ರ ಕಲಿಸುತ್ತದೆ. ನಮ್ಮ ಹಿರಿಯರು ಅದನ್ನು ದೂಷಣೆ ಎಂದು ತಿಳಿಯುವುದು ಸಹಜ, ಸರಿಯಲ್ಲ.

ಮತ್ತೊಂದು ಉದಾಹರಣೆ ಕೊಡುತ್ತೇವೆ. ಮಾತೃಮೂಲ ಕುಟುಂಬದ ಪಾಠ ಬಂದಾಗ ಇಲ್ಲಿನ ಪಠ್ಯಪುಸ್ತಕಗಳು ಕೇರಳದ ನಾಯರರನ್ನು, ಮೇಘಾಲಯದ ಖಾಸಿಗಳನ್ನು ಹೆಸರಿಸಿ ಮುಂದುವರಿಯುತ್ತವೆ. ಹಿಂದಿನ ಬೆಂಚಿನಲ್ಲಿ ಕುಳಿತ ನಮ್ಮ ಹುಡುಗಿಗೆ ಅದು ದೂರದ ಬುಡಕಟ್ಟಿನ ವಿಚಾರವಲ್ಲ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಅಳಿಯಸಂತಾನದ ಕಟ್ಟು ನಡೆದುಬಂದಿತ್ತು. 1949ರಲ್ಲಿ ಮದರಾಸು ಸರಕಾರ ಅದಕ್ಕೊಂದು ಕಾಯಿದೆ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದರ ದಿಕ್ಕನ್ನು ಬದಲಿಸಿತು. ಬಳಿಯ ಹೆಸರು ತಾಯಿಯಿಂದ ಬಂದಿತೆಂಬುದು ಅಜ್ಜಿಗೆ ಗೊತ್ತು, ಅಂಧೇರಿಯ ಫ್ಲ್ಯಾಟು ಯಾರ ಹೆಸರಿನಲ್ಲಿದೆ ಎಂಬುದು ಅಪ್ಪನಿಗೆ ಗೊತ್ತು. ಇವೆರಡರ ನಡುವೆ ಏನಾಯಿತು? ಊರಿನ ತರವಾಡು ಮನೆಯ ಪಾಲು, ಮುಂಬಯಿಯಲ್ಲಿ ಗಳಿಸಿದ ಹೋಟೆಲಿನ ಪಾಲು, ಹೆಣ್ಣುಮಕ್ಕಳಿಗೆ ಎಷ್ಟು ದಕ್ಕಿತು? ಇಲ್ಲಿನ ಅಧ್ಯಾಪಕರಿಗೆ ಈ ಪ್ರಶ್ನೆ ಹೊಳೆಯಬಹುದು. ಆದರೆ ಅಜ್ಜಿಯ ಎದುರು ಕುಳಿತು ತುಳುವಿನಲ್ಲೋ ಕನ್ನಡದಲ್ಲೋ ಕೇಳಿ, ಆಕೆ ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಬರೆದುಕೊಳ್ಳಲು ಮೊಮ್ಮಗಳೇ ಬೇಕು. ನಾಲ್ಕನೆಯ ವರ್ಷದ ಪ್ರಬಂಧಕ್ಕೆ ಇದಕ್ಕಿಂತ ಸಮೃದ್ಧ ವಸ್ತು ಇದೆಯೆ?

ನಮ್ಮ ಕುರಿತು ನಮಗೇ ತಿಳಿದಿರುವುದು ಬಹಳ ಕಡಿಮೆ ಎಂಬ ಮಾತನ್ನು ಸ್ವಲ್ಪ ವಿಸ್ತರಿಸಬೇಕು. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಹತ್ತು ಲಕ್ಷದಷ್ಟು. ಅವರಲ್ಲಿ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರದ ಗಡಿನಾಡಿನವರೂ ಸೇರಿದ್ದಾರೆ. ಮುಂಬಯಿಯ ನಮ್ಮ ಸಂಘಗಳ ಸದಸ್ಯರನ್ನು ಈ ಅಂಕಿ ಹಿಡಿದಿಡುವುದಿಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಯಕ್ಷಗಾನಕ್ಕೂ ಸಂಘದ ಸಭೆಗೂ ಕನ್ನಡಿಗರಾಗಿ ಬರುವವರನ್ನು ಜನಗಣತಿ ಬೇರೆ ಬೇರೆ ಸಾಲುಗಳಲ್ಲಿ ಎಣಿಸುತ್ತದೆ. 2021ಕ್ಕೆ ಆಗಬೇಕಿದ್ದ ಜನಗಣತಿ ಮುಂದೂಡಲ್ಪಟ್ಟು, 2027ರ ಮಾರ್ಚ್ 1ನ್ನು ಆಧಾರ ದಿನಾಂಕವೆಂದು 2025ರಲ್ಲಿ ಸರಕಾರ ಘೋಷಿಸಿತು. ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಅದರಲ್ಲಿ ಎಲ್ಲ ಜಾತಿಗಳ ಎಣಿಕೆಯೂ ಸೇರಲಿದೆ. ಎಣಿಕೆಯಾದ ಮೇಲೆ ಆ ಅಂಕಿಗಳಿಗೆ ಅರ್ಥ ಹೇಳುವವರು ಬೇಕಲ್ಲ. ನಮ್ಮ ಮಕ್ಕಳು ಅಲ್ಲಿ ಇಲ್ಲವಾದರೆ ಬೇರೆಯವರು ನಮ್ಮ ಕುರಿತು ಹೇಳಿದ್ದೇ ಅರ್ಥವಾಗುತ್ತದೆ.

ಇನ್ನು ಅಂಕಿಗೆ ಸಿಗದ ಸಂಗತಿಗಳು. ಹತ್ತು, ಹನ್ನೆರಡರ ಹರೆಯದಲ್ಲಿ ಊರು ಬಿಟ್ಟು ಹಡಗು ಹತ್ತಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು, ಬ್ಯಾಂಕುಗಳಿಗೆ, ವಕೀಲಿಗೆ, ಉದ್ಯಮಕ್ಕೆ ಏರಿದ ಕಥೆಯನ್ನು ನಾವು ಸನ್ಮಾನ ಸಭೆಗಳಲ್ಲಿ ಎಷ್ಟು ಬಾರಿ ಕೇಳಿಲ್ಲ! ಏರಿದವರ ಕಥೆ ಸ್ಮರಣ ಸಂಚಿಕೆಗಳಲ್ಲಿದೆ. ಅದೇ ಬೆಂಚಿನಲ್ಲಿ ಕುಳಿತು ಏರದೆ ಉಳಿದವರು ಎಷ್ಟು ಮಂದಿ, ಏಕೆ ಉಳಿದರು, ಯಾವ ಸಮುದಾಯದವರು ಎಂಬುದು ಎಲ್ಲಿಯೂ ಇಲ್ಲ. ಹೆಣ್ಣುಮಕ್ಕಳಿಗೆ ಆ ರಾತ್ರಿ ಶಾಲೆಯ ಬಾಗಿಲು ಎಷ್ಟು ತೆರೆದಿತ್ತು? ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಸಿದಾಗ ಮೊದಲು ತೆರಳಿದವರು ಯಾರು, ಕೊನೆಯವರೆಗೆ ಉಳಿದವರು ಯಾರು? ನಾವು ಊಹಿಸಬಲ್ಲೆವು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೆಂದು. ಆದರೆ ಊಹೆ ಅಧ್ಯಯನವಲ್ಲ. ನಮ್ಮ ಸಂಘಗಳ ಸಭೆಗಳಲ್ಲಿ ಅವರು ಕಾಣಿಸದಿರುವುದೂ ಒಂದು ಸಾಮಾಜಿಕ ಸತ್ಯವೇ. ಅದನ್ನು ಕೆದಕಿದರೆ ಹಿತವಾಗದ ಸಂಗತಿಗಳು ಹೊರಬಂದಾವು.

ಹುಡುಗಿಯ ಆಸೆಯೂ ಅದೇ ಆಗಿತ್ತು. ಅವಳ ಅಜ್ಜ ಗಿರಣಗಾಂವಿನ ಒಂದು ಖೋಲಿಯಲ್ಲಿ ಹತ್ತಾರು ಮಂದಿ ಊರಿನವರೊಂದಿಗೆ ಇದ್ದವರು. ಯಾರು ಯಾವ ತಿಂಗಳು ಬಂದರು, ಊಟದ ಲೆಕ್ಕ ಎಷ್ಟು, ಊರಿಗೆ ಮನಿಯಾರ್ಡರ್ ಎಷ್ಟು ಎಂದು ಅವರು ಬರೆದಿಟ್ಟ ಪುಸ್ತಕ ಮನೆಯಲ್ಲಿದೆ. ಅದನ್ನು ಆಧಾರವಾಗಿಟ್ಟುಕೊಂಡು, ಆ ಖೋಲಿಯವರ ಮಕ್ಕಳು, ಮೊಮ್ಮಕ್ಕಳು ಈಗ ಎಲ್ಲಿದ್ದಾರೆಂದು ಹುಡುಕಿ ಪ್ರಬಂಧ ಬರೆಯಬೇಕೆಂದು ಅವಳು ವಿವರಿಸಿದಾಗ ತಂದೆಯೇ ಬೆರಗಾದರು. "ಆ ಪುಸ್ತಕ ಇನ್ನೂ ಇದೆಯಾ?" ಎಂದರು. "ಇದೆ ಪಪ್ಪ, ಅಜ್ಜಿಯ ಟ್ರಂಕಿನಲ್ಲಿ. ನೀವು ರದ್ದಿಗೆ ಹಾಕ್ತೀರಿ ಅಂತ ಹೇಳಲಿಲ್ಲ" ಎಂದಳು.

ಅಂತಿಮವಾಗಿ ಅವರು ಕಂಡುಕೊಂಡ ದಾರಿ ಇದು: ಒಬ್ಬರೇ ಖಾಯಂ ಅಧ್ಯಾಪಕರಿರುವ ಆ ಕಾಲೇಜಿನಲ್ಲಿ ಮೂರು ವರ್ಷಕ್ಕೆ ಪದವಿ ಮುಗಿಸುವುದು, ಅನಂತರ ಎರಡು ವರ್ಷದ ಎಂ.ಎ.ಗೆ ಕಲೀನಾದಲ್ಲಿರುವ ವಿಶ್ವವಿದ್ಯಾನಿಲಯದ ವಿಭಾಗಕ್ಕೂ ಇನ್ನೆರಡು ಕಡೆಗೂ ಅರ್ಜಿ ಹಾಕುವುದು, ಆ ಪ್ರಬಂಧವನ್ನು ಅಲ್ಲಿ ಬರೆಯುವುದು. ಜೊತೆಗೆ ಬಿ.ಎಡ್. ಮಾಡಿಕೊಳ್ಳಲಿ ಎಂಬ ಷರತ್ತನ್ನು ತಂದೆ ಹಾಕಿದ್ದಾರೆ. ಆಕೆ ಅದಕ್ಕಿನ್ನೂ ಒಪ್ಪಿಲ್ಲ. ನಾಲ್ಕನೆಯ ವರ್ಷ ಬೇಡವೆಂದು ನಾವು ಇದರಿಂದ ಸಾರುತ್ತಿಲ್ಲ. ಮಾರ್ಗದರ್ಶಕರು ಇಬ್ಬರಿದ್ದ ಕಡೆ ಇದೇ ಹುಡುಗಿಗೆ ನಾವು ನಾಲ್ಕನೆಯ ವರ್ಷವನ್ನೇ ಹೇಳುತ್ತಿದ್ದೆವು.

ವಿದ್ಯಾರ್ಥಿವೇತನ ಸಮಿತಿಯ ಮುಂದೆ ಎರಡು ಸೂಚನೆಗಳನ್ನು ಬರವಣಿಗೆಯಲ್ಲಿ ಇಟ್ಟಿದ್ದೇವೆ. ಅರ್ಜಿ ನಮೂನೆಯಲ್ಲಿ ಸಮಾಜ ವಿಜ್ಞಾನಗಳಿಗೆ ಪ್ರತ್ಯೇಕ ಚೌಕ ಇರಲಿ ಎಂಬುದು ಒಂದು. ಕನ್ನಡಿಗರ ವಲಸೆ ಜೀವನವನ್ನು ಕುರಿತು ಪ್ರಬಂಧ ಬರೆಯುವ ಆನರ್ಸ್ ಹಾಗೂ ಎಂ.ಎ. ವಿದ್ಯಾರ್ಥಿಗಳಿಗೆ ಸಂಘದ ಹಳೆಯ ದಾಖಲೆಗಳನ್ನು ನೋಡಲು ಅನುಮತಿ ಕೊಡಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮುಂದಿನ ಸಭೆಯಲ್ಲಿ ಚರ್ಚೆಯಾಗಲಿದೆ. ಎರಡನೆಯದಕ್ಕೆ ಆಕ್ಷೇಪವೇನೂ ಬಂದಿಲ್ಲ. ಆದರೆ ಹಳೆಯ ವಾರ್ಷಿಕ ವರದಿಗಳು, ಸದಸ್ಯತ್ವದ ಪುಸ್ತಕಗಳು, ಕಾರ್ಯಕಾರಿ ಸಮಿತಿಯ ನಡಾವಳಿಗಳು ಇವೆಯೆಂದು ಹೇಳಲಾಗುವ ಕಪಾಟು ರಂಗಸಾಮಗ್ರಿಯ ಕೋಣೆಯಲ್ಲಿ ಯಕ್ಷಗಾನದ ಪೆಟ್ಟಿಗೆಗಳ ಹಿಂದಿದೆ. ಅದರ ಬೀಗದ ಕೈ ಯಾರ ವಶದಲ್ಲಿದೆಯೆಂದು ಮಾಜಿ ಕಾರ್ಯದರ್ಶಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಿದ್ದೇವೆ. ತಿಳಿದ ಸದಸ್ಯರು ಯಾರಾದರೂ ಇದ್ದಲ್ಲಿ ದಯವಿಟ್ಟು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬೇಕು.